ಮುಚ್ಚಬೇಕಾದದ್ದು ಹರಿದಾಡುತ್ತಿದೆ, ತೆರೆಯಬೇಕಾದದ್ದು ಬೀರುವಿನಲ್ಲಿದೆ: ಪೊಲೀಸ್ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ನಗರ ಪೊಲೀಸ್ ಆಯುಕ್ತರಿಗೆ, ಹಾಗೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ಮಾನ್ಯರೆ,

ಹುಬ್ಬಳ್ಳಿ ಮತ್ತು ನವಲಗುಂದ ಕಡೆಯ ಜನರಿಗೆ ಸರ್ಕಾರಿ ಅರ್ಜಿ ಬರೆದುಕೊಡುತ್ತ ಬಂದವಳು ನಾನು. ಪಿಂಚಣಿ, ಪಹಣಿ ತಿದ್ದುಪಡಿ, ಬೆಳೆ ಪರಿಹಾರ, ಎಲ್ಲವೂ ಬರುತ್ತವೆ. ಅವುಗಳ ನಡುವೆ ಪೊಲೀಸ್ ಠಾಣೆಗೆ ಬರೆಯುವ ಮಾಹಿತಿ ಹಕ್ಕು ಅರ್ಜಿಗಳೂ ಇರುತ್ತವೆ. ಅವುಗಳಲ್ಲಿ ಜನ ಕೇಳುವುದು ದೊಡ್ಡ ರಹಸ್ಯವನ್ನಲ್ಲ. ಗಂಡನ ಮನೆಯವರ ಬೆದರಿಕೆ ಹೇಳಿಕೊಳ್ಳಲು ಠಾಣೆಗೆ ಹೋಗಿ ಬಂದ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಕೂತು ಹೇಳಿದ್ದು ಇಷ್ಟೇ: "ಅಕ್ಕಾರ, ನಾ ಹೇಳಿದ್ದು ಬರಕೊಂಡಾರೋ ಇಲ್ಲೋ, ಅಷ್ಟ ತಿಳದ್ರ ಸಾಕ್ರಿ."

ಆ ಅರ್ಜಿಗೆ ಬಂದ ಹಿಂಬರಹದಲ್ಲಿ ಒಂದೇ ಸಾಲಿತ್ತು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎಚ್) ಪ್ರಕಾರ ಮಾಹಿತಿ ನೀಡಲು ಬರುವುದಿಲ್ಲ ಎಂದು. ತನಿಖೆಗೆ ಅಡ್ಡಿಯಾಗುತ್ತದೆಯಂತೆ. ಎಫ್‌ಐಆರ್ ಇಲ್ಲ, ಪ್ರಕರಣ ಇಲ್ಲ, ತನಿಖಾಧಿಕಾರಿಯೇ ಇಲ್ಲ. ಇಲ್ಲದ ತನಿಖೆಗೆ ಅಡ್ಡಿ ಹೇಗಾಗುತ್ತದೆ ಎಂದು ಮೇಲ್ಮನವಿಯಲ್ಲಿ ಕೇಳಿದೆವು. ಅದಕ್ಕೂ ಅದೇ ಸಾಲು ಉತ್ತರವಾಗಿ ಬಂತು. ಯಾವ ಠಾಣೆ ಎಂದು ಇಲ್ಲಿ ಹೇಳುವುದಿಲ್ಲ. ಇದು ಒಂದು ಠಾಣೆಯ ದೋಷವಲ್ಲ, ಇಲಾಖೆಯ ರೂಢಿ ಎಂದೇ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ.

ಪೊಲೀಸರ ಒಳಗಿನ ಮಾತುಕತೆ, ಆದೇಶ, ಡೈರಿ, ವೈರ್‌ಲೆಸ್ ಸಂದೇಶ ಇವೆಲ್ಲ ಹುಟ್ಟಿನಿಂದಲೇ ಗೋಪ್ಯ ಎಂಬ ನಂಬಿಕೆ ಠಾಣೆಗಳಲ್ಲಿ ಬೇರೂರಿದೆ. ಕಾನೂನು ಹಾಗೆ ಹೇಳುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ತೆಗೆದು ನೋಡಿ. ಮಾಹಿತಿ ಎಂದರೆ ಏನೇನು ಎಂದು ಪಟ್ಟಿ ಮಾಡುವಾಗ ಅದು ಜ್ಞಾಪನ, ಇ-ಮೇಲ್, ಸುತ್ತೋಲೆ, ಆದೇಶ, ಲಾಗ್‌ಬುಕ್, ವಿದ್ಯುನ್ಮಾನ ರೂಪದ ದತ್ತಾಂಶ ಎಲ್ಲವನ್ನೂ ಹೆಸರಿಸಿಯೇ ಹೇಳುತ್ತದೆ. ಕಂಟ್ರೋಲ್ ರೂಮಿನ ಲಾಗ್‌ಬುಕ್ಕು ಅದರೊಳಗೆ ಬರುತ್ತದೆ. ಇಂದಿನ ದಿನಗಳಲ್ಲಿ ಅಧಿಕಾರಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೋಗುವ ಬಂದೋಬಸ್ತ್ ಸೂಚನೆಯೂ ಸರ್ಕಾರಿ ಕೆಲಸದ ಸೂಚನೆಯೇ. ಮೊದಲು ಎಲ್ಲವೂ ಮಾಹಿತಿ, ಆಮೇಲೆ ವಿನಾಯಿತಿ. ವಿನಾಯಿತಿ ಬೇಕೆನ್ನುವ ಅಧಿಕಾರಿಯೇ ಕಾರಣ ಕೊಡಬೇಕು. ತನಿಖೆ ನಡೆಯುತ್ತಿದೆ ಎಂಬ ಒಂದೇ ಮಾತು ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಎಂಬ ಅರ್ಜಿದಾರರ ಪ್ರಕರಣದಲ್ಲಿ ಹೇಳಿದ್ದು 2007ರ ಡಿಸೆಂಬರ್‌ನಲ್ಲಿ. ಇಷ್ಟು ವರ್ಷಗಳ ನಂತರವೂ ನಮ್ಮ ಕಡೆ ಹಿಂಬರಹಗಳು ಒಂದೇ ಸಾಲಿನಲ್ಲಿ ಮುಗಿಯುತ್ತಿವೆ.

ಈ ಹಕ್ಕಿನ ಬೇರು ಇರುವುದೇ ಒಂದು ಪೊಲೀಸ್ ಕಡತದಲ್ಲಿ. ಇಂದಿರಾ ಗಾಂಧಿಯವರ ಆಯ್ಕೆಯನ್ನು ಪ್ರಶ್ನಿಸಿದ ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿನಲ್ಲಿ 'ಬ್ಲೂ ಬುಕ್' ಹಾಜರುಪಡಿಸುವಂತೆ ಕೇಳಿದರು. ಪ್ರಧಾನಿ ಪ್ರವಾಸದಲ್ಲಿದ್ದಾಗ ರಕ್ಷಣೆ ಹೇಗಿರಬೇಕು ಎಂಬ ಸೂಚನೆಗಳ ಪುಸ್ತಕ ಅದು. ಅದಕ್ಕಿಂತ ಸೂಕ್ಷ್ಮವಾದ ಪೊಲೀಸ್ ದಾಖಲೆ ಇನ್ಯಾವುದಿದ್ದೀತು? ಉತ್ತರ ಪ್ರದೇಶ ಸರ್ಕಾರ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1975ರ ಜನವರಿ 24ರಂದು ಬಂದ ತೀರ್ಪು ಆ ಪುಸ್ತಕವನ್ನು ಬೀದಿಯಲ್ಲಿ ಹಂಚಿ ಎಂದು ಹೇಳಲಿಲ್ಲ. ಆದರೆ ಗೋಪ್ಯ ಎಂದು ಸರ್ಕಾರ ಹೇಳಿದ ಮಾತ್ರಕ್ಕೆ ಮುಗಿಯಿತು ಎಂದೂ ಹೇಳಲಿಲ್ಲ. ಬೇಕಾದರೆ ನ್ಯಾಯಾಲಯವೇ ದಾಖಲೆಯನ್ನು ತೆರೆದು ನೋಡಿ ತೀರ್ಮಾನಿಸುತ್ತದೆ ಎಂದಿತು. ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ತಿಳಿಯುವ ಹಕ್ಕು ಈ ದೇಶದ ಜನಕ್ಕಿದೆ ಎಂದು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದದ್ದು ಅದೇ ತೀರ್ಪಿನಲ್ಲಿ.

ಈಗ ಸ್ಟೇಷನ್ ಡೈರಿಯ ವಿಷಯಕ್ಕೆ ಬರುತ್ತೇನೆ. ನನ್ನ ಅಹವಾಲಿನ ಮುಖ್ಯ ಭಾಗ ಅದೇ.

ಕೇಸ್ ಡೈರಿ ಬೇರೆ, ಸ್ಟೇಷನ್ ಡೈರಿ ಬೇರೆ. ಕೇಸ್ ಡೈರಿ ತನಿಖಾಧಿಕಾರಿಯದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 192 ಅದನ್ನು ಕಾಯುತ್ತದೆ. ನ್ಯಾಯಾಲಯ ತರಿಸಿ ನೋಡಬಹುದು, ಆರೋಪಿಗೂ ಅದನ್ನು ಕೇಳುವ ಹಕ್ಕಿಲ್ಲ. ಅದು ಸರಿಯಾಗಿಯೇ ಇದೆ, ನಾನು ಅದನ್ನು ಕೇಳುತ್ತಿಲ್ಲ. ಸ್ಟೇಷನ್ ಡೈರಿ ಠಾಣೆಯ ದಿನಚರಿ. ಯಾರು ಬಂದರು, ಏನು ದೂರಿದರು, ಯಾವ ಸಿಬ್ಬಂದಿ ಎಷ್ಟು ಗಂಟೆಗೆ ಎಲ್ಲಿಗೆ ಹೊರಟರು ಎಂಬುದು ಅದರಲ್ಲಿ ಇರಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಇದನ್ನು ಬಿಡಿಸಿ ಹೇಳಿದೆ: ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಬಗ್ಗೆ ಬಂದ ಪ್ರತಿ ಮಾಹಿತಿಯೂ ಡೈರಿಯಲ್ಲಿ ನಮೂದಾಗಬೇಕು, ಅದರಿಂದ ಎಫ್‌ಐಆರ್ ಆಗಲಿ ಬಿಡಲಿ. ಪ್ರಾಥಮಿಕ ವಿಚಾರಣೆ ಮಾಡಲು ತೀರ್ಮಾನಿಸಿದರೆ ಅದೂ ಅಲ್ಲೇ ದಾಖಲಾಗಬೇಕು.

2024ರ ಮೇ 15ರ ಬೆಳಗಿನ ಜಾವ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಮನೆಗೆ ನುಗ್ಗಿ ಒಬ್ಬ ಯುವತಿಯನ್ನು ಕೊಂದರು. ಬೆದರಿಕೆ ಇತ್ತು, ಪೊಲೀಸರಿಗೆ ಮೊದಲೇ ಹೇಳಿದ್ದೆವು, ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ಅತ್ತು ಹೇಳಿದ್ದನ್ನು ಊರೆಲ್ಲ ಕೇಳಿದೆ. ಕರ್ತವ್ಯಲೋಪದ ಆರೋಪದ ಮೇಲೆ ಅಧಿಕಾರಿ, ಸಿಬ್ಬಂದಿ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಆ ಪ್ರಕರಣದ ತೀರ್ಮಾನ ನ್ಯಾಯಾಲಯದ್ದು, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಅಂದಿನಿಂದ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಬೇರೆ. ಬಡ ಓಣಿಯಿಂದ ಒಬ್ಬ ಅಜ್ಜಿಯೋ ಒಬ್ಬ ಹುಡುಗಿಯೋ ಠಾಣೆಗೆ ಬಂದು ಹೆದರಿಕೆ ಹೇಳಿಕೊಂಡಾಗ, ಆ ಮಾತು ಬರಹಕ್ಕೆ ಇಳಿಯಿತು ಎಂಬುದಕ್ಕೆ ಅವಳ ಕೈಯಲ್ಲಿ ಏನು ಗುರುತು ಉಳಿಯುತ್ತದೆ? ಈಗ ಏನೂ ಇಲ್ಲ. ಡೈರಿಯ ನಮೂದಿನ ಸಂಖ್ಯೆ, ದಿನಾಂಕ, ಬರೆದುಕೊಂಡವರ ಹುದ್ದೆ ಇರುವ ಒಂದು ಚೀಟಿ ಕೊಟ್ಟರೆ ಯಾವ ತನಿಖೆ ಕೆಡುತ್ತದೆ? ಆ ಮಾತು ಅವಳದೇ. ಅದರಲ್ಲಿ ಮುಚ್ಚಿಡುವಂಥದ್ದು ಅವಳ ಪಾಲಿಗೆ ಏನೂ ಇಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪುಕ್ಕಟೆ ಕೊಡಬೇಕೆಂದು ಹೊಸ ಸಂಹಿತೆಯ ಸೆಕ್ಷನ್ 173 ಹೇಳುತ್ತದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ತಿಳಿಸಬೇಕೆಂದು ಸೆಕ್ಷನ್ 193 ಹೇಳುತ್ತದೆ. ಎಫ್‌ಐಆರ್ ಹಂತಕ್ಕೇ ಬಾರದ ದೂರುಗಳೇ ನಮ್ಮಲ್ಲಿ ಹೆಚ್ಚು, ಅವುಗಳಿಗೆ ಇಂಥ ಆಸರೆ ಯಾವುದೂ ಇಲ್ಲ.

ಮುಚ್ಚಿಡಬೇಕಾದದ್ದು ಹೇಗೆ ಹೊರಬರುತ್ತಿದೆ ಎಂಬುದನ್ನೂ ಹೇಳಬೇಕು. ಒಂದು ಅಪರಾಧ ನಡೆದು ಗಂಟೆಯೊಳಗೆ ಠಾಣೆಯಲ್ಲೇ ತೆಗೆದ ಆರೋಪಿಯ ಫೋಟೊ, ಸಂತ್ರಸ್ತೆಯ ಹೆಸರಿರುವ ಕಾಗದ, ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯ ವಿಡಿಯೊ ಫೋನಿಂದ ಫೋನಿಗೆ ಹೋಗುತ್ತಿರುತ್ತವೆ. ಅವನ್ನು ಮೊದಲು ಕಂಡವರು ಠಾಣೆಯೊಳಗಿನವರೇ ಅಲ್ಲವೆ? ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಡಿ ಅಪರಾಧ. ಮಗುವಾಗಿದ್ದರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಇದೆ. ಮಾಧ್ಯಮಗಳಿಗೆ ಪೊಲೀಸರು ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ಕೈಪಿಡಿ ಸಿದ್ಧಪಡಿಸಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಬೇಕಾಯಿತು. ಹತ್ತು ರೂಪಾಯಿ ಶುಲ್ಕ ಕಟ್ಟಿ ಕಾನೂನಿನ ದಾರಿಯಲ್ಲಿ ಬಂದ ಹೆಣ್ಣುಮಗಳಿಗೆ ಅವಳದೇ ಮಾತಿನ ನಕಲು ಸಿಗುವುದಿಲ್ಲ. ಪರಿಚಯವಿದ್ದವನಿಗೆ ಇನ್ನೊಬ್ಬರ ಮಗಳ ಹೇಳಿಕೆ ರಾತ್ರೋರಾತ್ರಿ ಸಿಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಇಲ್ಲಿ ನನ್ನ ಊರಿನವರಿಗೂ ಒಂದು ಮಾತು ಹೇಳಬೇಕು. ವಾಕಿಟಾಕಿಯಲ್ಲಿ ಪೊಲೀಸರು ಮಾತಾಡುವುದನ್ನು ಕದ್ದು ಕೇಳಿ, ರೆಕಾರ್ಡ್ ಮಾಡಿ ಹಂಚುವುದು ಮಾಹಿತಿ ಹಕ್ಕಲ್ಲ. ಅಮೆರಿಕದ ಹಲವು ನಗರಗಳಲ್ಲಿ ಜನ, ಪತ್ರಕರ್ತರು ಸ್ಕ್ಯಾನರ್ ಇಟ್ಟುಕೊಂಡು ಪೊಲೀಸ್ ರೇಡಿಯೊ ಕೇಳುವ ರೂಢಿ ದಶಕಗಳಿಂದ ಇತ್ತು. ನ್ಯೂಯಾರ್ಕ್ ಪೊಲೀಸರು 2023ರಿಂದ ತಮ್ಮ ಚಾನೆಲ್‌ಗಳನ್ನು ಹೊರಗಿನವರಿಗೆ ಕೇಳದಂತೆ ಬದಲಿಸತೊಡಗಿದಾಗ ಅಲ್ಲಿ ದೊಡ್ಡ ವಿರೋಧವೇ ಬಂತು. ನಮ್ಮಲ್ಲಿ ಆ ರೂಢಿಯೂ ಇಲ್ಲ, ಆ ಹಕ್ಕೂ ಇಲ್ಲ. 2023ರ ದೂರಸಂಪರ್ಕ ಕಾಯ್ದೆಯ ಸೆಕ್ಷನ್ 42, 2024ರ ಜೂನ್ 26ರಿಂದ ಜಾರಿಯಲ್ಲಿದೆ; ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ ಮೂರು ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ನಿರ್ಬಂಧ ಇರಬೇಕು ಎಂದೇ ನನ್ನ ಅಭಿಪ್ರಾಯ. 2022ರ ಏಪ್ರಿಲ್ 16ರ ರಾತ್ರಿ ಒಂದು ವಾಟ್ಸ್ಆ್ಯಪ್ ಸ್ಟೇಟಸ್ಸಿನ ಕಾರಣಕ್ಕೆ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಗುಂಪು ಸೇರಿ ಕಲ್ಲು ತೂರಿತು, ಪೊಲೀಸರು ಗಾಯಗೊಂಡರು. ಅಂಥ ಹೊತ್ತಿನಲ್ಲಿ ಮೀಸಲು ಪಡೆಯ ತುಕಡಿ ಯಾವ ರಸ್ತೆಯಿಂದ ಬರುತ್ತಿದೆ, ಠಾಣೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದು ಗುಂಪಿನ ಕಿವಿಗೆ ಬಿದ್ದರೆ ಜೀವಗಳೇ ಹೋಗುತ್ತವೆ. ನಡೆಯುತ್ತಿರುವಾಗಿನ ಸಂದೇಶ ಮುಚ್ಚಿರಲಿ.

ಆದರೆ ನಡೆದು ಮುಗಿದ ಮೇಲೆ? ವರ್ಷಗಳ ಮೇಲೆ? ಈ ಪ್ರಶ್ನೆಯನ್ನು ನಮ್ಮ ಭಾಗದಷ್ಟು ಗಟ್ಟಿಯಾಗಿ ಕೇಳುವ ಅಧಿಕಾರ ಬೇರೆ ಯಾರಿಗೂ ಇರಲಾರದು. 1980ರ ಜುಲೈ 21ರಂದು ನವಲಗುಂದದಲ್ಲೂ ನರಗುಂದದಲ್ಲೂ ಗೋಲಿಬಾರ್ ಆಯಿತು. ಮಲಪ್ರಭಾ ನೀರಾವರಿ ಕರದ ವಿರುದ್ಧ ಎದ್ದ ರೈತರು ಸತ್ತರು, ನರಗುಂದದಲ್ಲಿ ಪೊಲೀಸರೂ ಸತ್ತರು. ಇಂದಿಗೂ ಪ್ರತಿ ಜುಲೈ 21ಕ್ಕೆ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಗುಂಡು ಹಾರಿಸಿ ಎಂಬ ಮಾತು ಯಾರಿಂದ ಹೊರಟಿತು, ಎಷ್ಟು ಗಂಟೆಗೆ, ಅದಕ್ಕೂ ಮೊದಲು ಠಾಣೆಯಿಂದ ಜಿಲ್ಲಾ ಕೇಂದ್ರಕ್ಕೆ ಏನು ಸಂದೇಶ ಹೋಯಿತು, ತಮ್ಮವರನ್ನು ಕಳೆದುಕೊಂಡ ಪೊಲೀಸರು ಅಂದು ಏನು ಬರೆದಿಟ್ಟರು ಎಂಬುದನ್ನು ಮಾತ್ರ ವೀರಗಲ್ಲಿನ ಮುಂದೆ ನಿಂತವರಲ್ಲಿ ಯಾರೂ ಮೂಲ ದಾಖಲೆಯಿಂದ ಹೇಳಲಾರರು. ಸತ್ತ ರೈತನ ಮನೆಗೂ ಸತ್ತ ಪೊಲೀಸನ ಮನೆಗೂ ಅದನ್ನು ತಿಳಿಯುವ ಹಕ್ಕಿದೆ. 1994ರ ಆಗಸ್ಟ್ 15ರ ಹುಬ್ಬಳ್ಳಿ ಗೋಲಿಬಾರಿನ ಮಾತೂ ಇದೇ.

ಇಂಥ ಘಟನೆಗಳಿಗೆ ಕಾನೂನಿನಲ್ಲಿ ಒಂದು ಬಾಗಿಲಿದೆ, ಅದನ್ನು ತಟ್ಟುವವರು ಕಡಿಮೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(3)ರ ಪ್ರಕಾರ, ಅರ್ಜಿ ಹಾಕುವ ದಿನಕ್ಕೆ ಇಪ್ಪತ್ತು ವರ್ಷ ಹಿಂದಿನ ಘಟನೆಯ ಮಾಹಿತಿಯನ್ನು ಕೊಡಲೇಬೇಕು. ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಂಪುಟದ ಕಾಗದಪತ್ರ ಈ ಮೂರು ವಿನಾಯಿತಿಗಳಷ್ಟೇ ಆಮೇಲೆ ಉಳಿಯುತ್ತವೆ. ತನಿಖೆಗೆ ಅಡ್ಡಿ ಎಂಬ 8(1)(ಎಚ್) ಉಳಿಯುವುದಿಲ್ಲ. ಹಾಗಾದರೆ ನರಗುಂದ, ನವಲಗುಂದದ ಅಂದಿನ ಕಡತಗಳು ಎಲ್ಲಿವೆ? ಉಳಿದಿವೆಯೆ, ಗೆದ್ದಲು ತಿಂದಿತೆ, ಅವಧಿ ಮುಗಿಯಿತೆಂದು ನಾಶ ಮಾಡಿದರೆ? ನಾಶ ಮಾಡಿದ್ದರೆ ಆ ಆದೇಶವೂ ಒಂದು ದಾಖಲೆ, ಅದನ್ನಾದರೂ ತೋರಿಸಿ.

ಹಾವೇರಿಯ ಎಸ್ಪಿಯವರಲ್ಲಿ ಇದೇ ಕಾರಣಕ್ಕೆ ಪ್ರತ್ಯೇಕವಾಗಿ ಕೇಳುತ್ತೇನೆ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗುಂಡು ಹಾರಿತು. ಮುಂಗಾರು ಬಿತ್ತನೆಯ ಹಂಗಾಮು, ಹೊಸ ಸರ್ಕಾರ ಬಂದು ಎರಡು ವಾರವೂ ಕಳೆದಿರಲಿಲ್ಲ. 2028ರ ಜೂನ್‌ಗೆ ಇಪ್ಪತ್ತು ವರ್ಷ ತುಂಬುತ್ತದೆ. ಅಂದಿನ ಬಂದೋಬಸ್ತ್ ಆದೇಶ, ಕಂಟ್ರೋಲ್ ರೂಮ್ ಲಾಗ್, ವೈರ್‌ಲೆಸ್ ಸಂದೇಶಗಳ ಬರಹ, ಶಸ್ತ್ರಾಗಾರದ ರಿಜಿಸ್ಟರು ಏನೇನು ನಿಮ್ಮ ಬಳಿ ಉಳಿದಿವೆಯೋ ಅವನ್ನು ಈಗಲೇ ಪಟ್ಟಿ ಮಾಡಿ ಬೀಗದಲ್ಲಿಡಿ. ದಾಖಲೆಗಳನ್ನು ಪಟ್ಟಿ, ಸೂಚಿ ಮಾಡಿ ಇಟ್ಟುಕೊಳ್ಳುವುದು ಸೆಕ್ಷನ್ 4(1)(ಎ) ಹೊರಿಸಿದ ಕರ್ತವ್ಯ. 2016ರ ಜುಲೈ ಕೊನೆಯಲ್ಲಿ ಮಹದಾಯಿ ಹೋರಾಟದ ಹೊತ್ತಿಗೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ಮುದುಕರನ್ನು ಲಾಠಿಯಿಂದ ಹೊಡೆದದ್ದನ್ನು ನಾಡೆಲ್ಲ ವಿಡಿಯೊದಲ್ಲಿ ನೋಡಿತು. ಲಾಠಿ ಕಂಡಿತು. ಲಾಠಿಗೆ ಅಪ್ಪಣೆ ಕೊಟ್ಟವರು ಕಾಣಲಿಲ್ಲ. ಕೆಳಗಿನ ಸಿಬ್ಬಂದಿ ಅಮಾನತಾಗುತ್ತಾರೆ, ಮೇಲಿನ ಮಾತು ವೈರ್‌ಲೆಸ್ಸಿನಲ್ಲೇ ಕರಗಿಹೋಗುತ್ತದೆ. ದಾಖಲೆ ಉಳಿದರೆ ಅದು ಕಾನ್‌ಸ್ಟೇಬಲ್‌ಗಳ ರಕ್ಷಣೆಗೂ ಬರುತ್ತದೆ ಎಂಬುದನ್ನು ಪೊಲೀಸ್ ಕುಟುಂಬಗಳೂ ಯೋಚಿಸಬೇಕು.

2014ರಲ್ಲೇ ಸುಪ್ರೀಂ ಕೋರ್ಟ್ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಎನ್‌ಕೌಂಟರ್‌ಗಳ ಬಗ್ಗೆ ಕೊಟ್ಟ ಸೂಚನೆಗಳಲ್ಲಿ ಮೊದಲನೆಯದೇ ಒಳಸಂದೇಶದ್ದು: ಗುಪ್ತ ಮಾಹಿತಿ ಬಂದರೆ ಅದನ್ನು ಬರಹದಲ್ಲೋ ವಿದ್ಯುನ್ಮಾನ ರೂಪದಲ್ಲೋ ದಾಖಲಿಸಬೇಕು, ಶಂಕಿತನ ವಿವರ, ಸ್ಥಳ ಬರೆಯಬೇಕಾಗಿಲ್ಲ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಕಂದಮ್ಮನ ಕೊಲೆಯಾದ ದಿನವೇ ಆರೋಪಿ ಪೊಲೀಸ್ ಗುಂಡಿಗೆ ಸತ್ತ. ಆ ಮಗುವನ್ನು ನೆನೆದರೆ ಈಗಲೂ ಕರುಳು ಕಿತ್ತು ಬರುತ್ತದೆ. ಅಂದು ಊರು ಪೊಲೀಸರಿಗೆ ಜೈಕಾರ ಹಾಕಿತು. ಜೈಕಾರ ಬಿದ್ದ ದಿನವೂ ದಾಖಲೆ ಬೇಕು, ಧಿಕ್ಕಾರ ಬಿದ್ದ ದಿನವೂ ಬೇಕು.

ಮಿತಿಗಳು ನನಗೆ ಗೊತ್ತಿವೆ. ಮಾಹಿತಿದಾರನ ಗುರುತು 8(1)(ಜಿ) ಅಡಿ ಮುಚ್ಚಿರಬೇಕು, ಅವನ ಜೀವದ ಪ್ರಶ್ನೆ ಅದು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಿ ಎಂದು 2016ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಪ್ರಕರಣಗಳನ್ನು ಹೊರಗಿಟ್ಟಿತು. ದೋಷಾರೋಪ ಪಟ್ಟಿಗಳನ್ನು ಹಾಗೆ ಎಲ್ಲರಿಗೂ ತೆರೆದಿಡಲು ಬರುವುದಿಲ್ಲ ಎಂದು 2023ರ ಜನವರಿಯಲ್ಲಿ ಹೇಳಿತು. ಸಿಬ್ಬಂದಿಗೆ ಕೊಟ್ಟ ನೋಟಿಸು, ಶಿಸ್ತುಕ್ರಮದ ಕಾಗದ ಸಾಮಾನ್ಯವಾಗಿ ವೈಯಕ್ತಿಕ ಮಾಹಿತಿ ಎಂದು 2012ರಲ್ಲೇ ಹೇಳಿದೆ. ಈಗ ಅದಕ್ಕಿಂತ ದೊಡ್ಡ ತಡೆ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ 8(1)(ಜೆ) ತಿದ್ದುಪಡಿಯಾಗಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು ಎಂಬಂತಾಗಿದೆ. ಇದು ತಪ್ಪು ದಾರಿ ಎಂದೇ ನಾನು ತಿಳಿದಿದ್ದೇನೆ. ಆದರೂ ಸೆಕ್ಷನ್ 8(2) ಹಾಗೇ ಇದೆ. ಸಾರ್ವಜನಿಕ ಹಿತ ಹೆಚ್ಚು ತೂಗಿದರೆ ಯಾವ ವಿನಾಯಿತಿಯೂ, 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಅಡ್ಡ ಬರಲಾರದು. ಒಂದು ಪುಟದಲ್ಲಿ ಎರಡು ಸಾಲು ಗೋಪ್ಯವಾಗಿದ್ದರೆ ಆ ಎರಡು ಸಾಲು ಮುಚ್ಚಿ ಉಳಿದದ್ದು ಕೊಡಿ ಎನ್ನುವ ಸೆಕ್ಷನ್ 10 ಕೂಡ ಇದೆ. ನಮ್ಮ ಕಡೆಯ ಯಾವ ಹಿಂಬರಹದಲ್ಲೂ ಆ ಸೆಕ್ಷನ್ ಬಳಸಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ನಿಮ್ಮನ್ನು ಕೇಳುವುದು ನಿಮ್ಮ ಸಹಿಯಿಂದಲೇ ಆಗುವ ಕೆಲಸಗಳನ್ನು. ಜನರ ಮೇಲೆ ಪರಿಣಾಮ ಬೀರುವ ಸುತ್ತೋಲೆ, ಸ್ಥಾಯಿ ಆದೇಶಗಳನ್ನು ಕನ್ನಡದಲ್ಲಿ ಪ್ರಕಟಿಸಿ. ಸಿಬ್ಬಂದಿ ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಕೇಳದೆಯೇ ಪ್ರಕಟಿಸಬೇಕೆಂದು ಸೆಕ್ಷನ್ 4 ಹೇಳುತ್ತದೆ. ಬಂಧಿತರ ಹೆಸರು, ಆರೋಪ ಪ್ರತಿ ಠಾಣೆಯಲ್ಲಿ ಕಾಣುವಂತೆ ಹಾಕಬೇಕೆನ್ನುವ ಸುರಕ್ಷಾ ಸಂಹಿತೆಯ ಸೆಕ್ಷನ್ 37ನ್ನು ಹಳ್ಳಿಯ ಠಾಣೆಗಳಲ್ಲೂ ಪಾಲಿಸಿ. ಸಿಸಿಟಿವಿ ದೃಶ್ಯವನ್ನು ಕಾದಿಡಿಸಿಕೊಳ್ಳುವ ಹಕ್ಕು ನೊಂದವರಿಗಿದೆ ಎಂಬ ಫಲಕ ಠಾಣೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಫಲಕ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ನೀವೇ ಒಮ್ಮೆ ನೋಡಿ ಬನ್ನಿ. ಮಾಹಿತಿ ನಿರಾಕರಿಸುವ ಹಿಂಬರಹದಲ್ಲಿ ಸೆಕ್ಷನ್ ಸಂಖ್ಯೆಯ ಜೊತೆ ಕಾರಣವನ್ನೂ ಬರೆಯಲು ನಿಮ್ಮ ಮಾಹಿತಿ ಅಧಿಕಾರಿಗಳಿಗೆ ಹೇಳಿ. ಒಬ್ಬರನ್ನು ರಾತ್ರಿ ಠಾಣೆಗೆ ಕರೆದೊಯ್ದಾಗ ಮನೆಯವರು ಕೇಳುವ ಮಾಹಿತಿ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು, ಅದಕ್ಕೆ 48 ಗಂಟೆಯ ಗಡುವು, 30 ದಿನದ್ದಲ್ಲ ಎಂಬುದನ್ನೂ ಅವರಿಗೆ ತಿಳಿಹೇಳಿ.

ಇವೆಲ್ಲಕ್ಕೂ ಸಮಯ ಬೇಕೆಂದರೆ ಡೈರಿ ನಮೂದಿನ ಚೀಟಿಯಿಂದ ಶುರು ಮಾಡಿ. ಅದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ. ದೂರು ಹೇಳಲು ಬಂದವರಿಗೆ ನಮೂದಿನ ಸಂಖ್ಯೆ, ದಿನಾಂಕ, ವೇಳೆ ಬರೆದು ಮೊಹರು ಹಾಕಿ ಕೊಡಿ ಎಂದು ನಿಮ್ಮ ಎಲ್ಲ ಠಾಣೆಗಳಿಗೆ ಒಂದು ಜ್ಞಾಪನ ಹೊರಡಿಸಿ. ಆ ಜ್ಞಾಪನದ ಪ್ರತಿಯೊಂದನ್ನು ಠಾಣೆಯ ನೋಟಿಸ್ ಬೋರ್ಡಿಗೂ ಹಚ್ಚಿಸಿ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿ ಬರೆದುಕೊಡುವವಳು,
ಹುಬ್ಬಳ್ಳಿ